ಊರೊಳಗಿನ ಗಿಡಕ್ಕೆ ಈಗ ಯಾವ ಕಾಲ? ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮನೆ ಹುಬ್ಬಳ್ಳಿಯ ವಿದ್ಯಾನಗರದಲ್ಲಿ, ತವರು ಧಾರವಾಡದ ಸಪ್ತಾಪುರದಲ್ಲಿ. ನಡುವೆ ಸುಮಾರು 20 ಕಿಲೋಮೀಟರ್. ಎರಡೂ ಕಡೆ ಹಿತ್ತಲಿದೆ. ಎರಡೂ ಕಡೆ ಬೇವು, ಮಾವು, ಪೇರಲ ಇವೆ. ನನಗೆ ಗಿಡದ ಹುಚ್ಚು ಎಂದು ಗೊತ್ತಾದ ಮೇಲೆ ಓಣಿಯವರು "ಅಕ್ಕಾರ, ನಮ್ಮ ಗಿಡಕ್ಕ ಏನಾಗೇದ ನೋಡ್ರಿ" ಎಂದು ಕರೆಯುತ್ತಲೇ ಇರುತ್ತಾರೆ. ಪ್ರಶ್ನೆಗಳು ಹೆಚ್ಚೂಕಡಿಮೆ ಅವೇ. ಅದಕ್ಕೇ ಬರೆದಿಟ್ಟೆ. ನಮ್ಮ ಕಡೆ ಎಷ್ಟು ದೊಡ್ಡ ಮರವಾದರೂ ಅದು ಗಿಡವೇ. ಇಲ್ಲಿಯೂ ಹಾಗೆಯೇ ಓದಿಕೊಳ್ಳಿ.

ಈ ವರ್ಷ ಯುಗಾದಿಗೆ ಬೇವಿನ ಹೂವೇ ಸಿಗಲಿಲ್ಲ. ಕಾಲ ಕೆಟ್ಟಿತೇ?

ಮೊದಲು ಕ್ಯಾಲೆಂಡರ್ ನೋಡಿ. ಯುಗಾದಿ ಚಂದ್ರನ ಲೆಕ್ಕದ ಹಬ್ಬ. 2023ರಲ್ಲಿ ಮಾರ್ಚ್ 22ಕ್ಕೆ ಬಂತು, 2024ರಲ್ಲಿ ಏಪ್ರಿಲ್ 9ಕ್ಕೆ, 2025ರಲ್ಲಿ ಮಾರ್ಚ್ 30ಕ್ಕೆ. ಹಬ್ಬವೇ ಎರಡೂವರೆ ವಾರ ಹಿಂದೆಮುಂದೆ ಓಡಾಡುತ್ತದೆ. ಬೇವಿಗೆ ಪಂಚಾಂಗ ಗೊತ್ತಿಲ್ಲ. ಅದು ಹಳೆ ಎಲೆ ಉದುರಿಸಿ, ಕೆಂಪು ಚಿಗುರು ತೆಗೆದು, ಆ ಚಿಗುರಿನ ಜೊತೆಗೇ ಹೂ ಬಿಡುತ್ತದೆ. ಆದ್ದರಿಂದ "ಯುಗಾದಿಗೆ ಇತ್ತು, ಯುಗಾದಿಗೆ ಇರಲಿಲ್ಲ" ಎಂಬ ಲೆಕ್ಕ ನಡೆಯುವುದಿಲ್ಲ. ಇಂಗ್ಲಿಷ್ ತಾರೀಖು ಬರೆದಿಟ್ಟು ಮೂರ್ನಾಲ್ಕು ವರ್ಷ ಹೋಲಿಸಿ, ಆಮೇಲೆ ಮಾತಾಡೋಣ.

ಆದರೆ ಧಾರವಾಡದ ಬೇವಿಗೂ ಹುಬ್ಬಳ್ಳಿಯ ಬೇವಿಗೂ ವ್ಯತ್ಯಾಸ ಇರೋದು ನಿಜ ಅಲ್ವಾ?

ನಿಜ. ನನ್ನ ಎರಡು ಹಿತ್ತಲುಗಳಲ್ಲಿ ಒಂದೇ ದಿನ ಚಿಗುರು ಬಂದದ್ದನ್ನು ನಾನು ಕಂಡಿಲ್ಲ. ಆದರೆ ಅದನ್ನೆಲ್ಲ "ಸಿಟಿ ಬಿಸಿ" ಎಂದು ಒಂದೇ ಖಾತೆಗೆ ಹಾಕಬಾರದು. ಧಾರವಾಡ ಮಲೆನಾಡಿನ ಸೆರಗು. ಹುಬ್ಬಳ್ಳಿ ಅದಕ್ಕಿಂತ ತಗ್ಗಿನಲ್ಲಿದೆ, ಬಯಲುಸೀಮೆಗೆ ಮುಖಮಾಡಿದೆ. ಮಣ್ಣೂ ಬೇರೆ. ಧಾರವಾಡದಲ್ಲಿ ಬಹಳ ಕಡೆ ಕೆಂಪು ಮಸಾರಿ, ಹುಬ್ಬಳ್ಳಿಯಲ್ಲಿ ಕಪ್ಪು ಎರಿ. ಎರಿ ಮಣ್ಣು ಮಳೆಗಾಲದ ನೀರನ್ನು ಬಹಳ ದಿನ ಹಿಡಿದಿಡುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಮಸಾರಿ ಬೇಗ ಬಸಿದುಹೋಗುತ್ತದೆ. ಎಲೆ ಯಾವಾಗ ಉದುರಬೇಕು ಎಂಬುದರಲ್ಲಿ ಬೇರಿನ ಹತ್ತಿರದ ನೀರಿಗೂ ಪಾಲಿದೆ.

ಊರಿನ ಪ್ರಭಾವ ನೋಡಬೇಕಾದರೆ ಒಂದೇ ಊರೊಳಗೆ ಹೋಲಿಸಿ. ಉಣಕಲ್ ಕೆರೆ ದಂಡೆಯ ಬೇವು ಮತ್ತು ಹಳೆ ಹುಬ್ಬಳ್ಳಿಯ ಇಕ್ಕಟ್ಟು ಓಣಿಯ ಬೇವು. ಮಣ್ಣು, ಎತ್ತರ, ಮಳೆ ಹತ್ತಿರ ಹತ್ತಿರ ಒಂದೇ. ಅಷ್ಟಾದ ಮೇಲೂ ಉಳಿದ ವ್ಯತ್ಯಾಸದಲ್ಲಿ ಊರಿನ ಕೈವಾಡ ಹುಡುಕಬಹುದು.

ಊರೊಳಗೆ ಬಿಸಿ ಯಾಕೆ ಜಾಸ್ತಿ? ಗಾಡಿ ಹೊಗೆಯಿಂದಲೇ?

ಹೊಗೆಗಿಂತ ಗೋಡೆ ಮತ್ತು ರಸ್ತೆಯದ್ದೇ ದೊಡ್ಡ ಪಾಲು. ಡಾಂಬರು, ಕಾಂಕ್ರೀಟು ಹಗಲಿಡೀ ಬಿಸಿಲು ಕುಡಿಯುತ್ತವೆ, ರಾತ್ರಿ ನಿಧಾನವಾಗಿ ಬಿಡುತ್ತವೆ. ಮಣ್ಣು ಮತ್ತು ಎಲೆ ಇದ್ದಲ್ಲಿ ನೀರು ಆವಿಯಾಗಿ ತಂಪು ಮಾಡುತ್ತದೆ. ಟೈಲ್ಸ್ ಹಾಕಿದ ಅಂಗಳಕ್ಕೆ ಆ ಭಾಗ್ಯವಿಲ್ಲ. ಎತ್ತರದ ಕಟ್ಟಡಗಳ ನಡುವೆ ಗಾಳಿಯೂ ಆಡುವುದಿಲ್ಲ.

ಇದು ಹೊಸ ಸುದ್ದಿಯಲ್ಲ. ಮೋಡಗಳಿಗೆ ಹೆಸರಿಟ್ಟ ಲ್ಯೂಕ್ ಹೊವಾರ್ಡ್ ಎಂಬುವವರು ಇನ್ನೂರು ವರ್ಷದ ಹಿಂದೆಯೇ ಲಂಡನ್ ಪಟ್ಟಣ ಸುತ್ತಲಿನ ಹಳ್ಳಿಗಿಂತ ಬೆಚ್ಚಗಿದೆ, ಅದರಲ್ಲೂ ರಾತ್ರಿ, ಎಂದು ಅಳೆದು ಬರೆದಿದ್ದರು.

"ಅದರಲ್ಲೂ ರಾತ್ರಿ" ಎಂಬ ಮಾತನ್ನು ಹಿಡಿದುಕೊಳ್ಳಿ. ಮುಂದಿನ ಉತ್ತರಗಳಲ್ಲಿ ಅರ್ಧಕ್ಕರ್ಧ ಇದೇ ಇದೆ. ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಬಸ್ ಓಡುವ ರಸ್ತೆಯ ಪಕ್ಕ ರಾತ್ರಿ ಒಂಬತ್ತಕ್ಕೆ ಒಂದು ಗೋಡೆಗೆ ಅಂಗೈ ಇಟ್ಟು ನೋಡಿ. ಆಮೇಲೆ ಕರ್ನಾಟಕ ವಿಶ್ವವಿದ್ಯಾಲಯದ ಗುಡ್ಡದ ಕಡೆ ಹೋಗಿ ಉಸಿರಾಡಿ. ಥರ್ಮಾಮೀಟರ್ ಬೇಡ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಗಳಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಅಂಥ ರಾತ್ರಿಗಳು ನಮಗೆ ಜಾಸ್ತಿ ಸಿಗುವುದು ಡಿಸೆಂಬರ್, ಜನವರಿಯಲ್ಲಿ.

ಬಿಸಿ ಜಾಸ್ತಿ ಆದರೆ ಎಲ್ಲಾ ಗಿಡ ಬೇಗ ಹೂ ಬಿಡಬೇಕಲ್ವಾ?

ಚಳಿ ದೇಶಗಳಲ್ಲಿ ಬಹುಮಟ್ಟಿಗೆ ಹೌದು. ಅಲ್ಲಿ ಮೊಗ್ಗು ಚಳಿಗಾಲವಿಡೀ ಮಲಗಿದ್ದು ಬಿಸಿಲಿಗಾಗಿ ಕಾಯುತ್ತದೆ. ಸ್ವಿಟ್ಜರ್‌ಲೆಂಡಿನ ಜಿನೀವಾದಲ್ಲಿ ಒಂದು ಚೆಸ್ಟ್‌ನಟ್ ಮರದ ಮೊದಲ ಎಲೆ ಯಾವತ್ತು ಬಿಚ್ಚಿತು ಎಂದು 1818ರಿಂದ ಸರ್ಕಾರಿ ಕಡತದಲ್ಲಿ ಬರೆಯುತ್ತಾ ಬಂದಿದ್ದಾರೆ. ವಸಂತಕ್ಕೆ ಬರಬೇಕಾದ ಎಲೆ 2002ರಲ್ಲಿ ಡಿಸೆಂಬರ್ ಕೊನೆಗೇ ಬಂತು. ಜಪಾನಿನ ಕ್ಯೋಟೋದಲ್ಲಿ ಸಾವಿರದಿನ್ನೂರು ವರ್ಷದಷ್ಟು ಹಿಂದಿನಿಂದ ಚೆರ್ರಿ ಹೂವಿನ ಲೆಕ್ಕ ಸಿಗುತ್ತದೆ. 2021ರಲ್ಲಿ ಮಾರ್ಚ್ 26ಕ್ಕೇ ಹೂವು ತುಂಬಿ ನಿಂತಿತು. ಅಲ್ಲಿಯವರೆಗಿನ ಇಡೀ ಲೆಕ್ಕದಲ್ಲಿ ಅಷ್ಟು ಬೇಗ ಆಗಿರಲಿಲ್ಲ. ಭೂಮಿ ಬಿಸಿಯಾಗಿರುವುದೂ ಉಂಟು, ಆ ಊರುಗಳು ಬೆಳೆದಿರುವುದೂ ಉಂಟು. ಎರಡೂ ಸೇರಿವೆ.

ನಮ್ಮಲ್ಲಿ ಕತೆ ಬೇರೆ. ನಮ್ಮ ಗಿಡಗಳಿಗೆ ಬಿಸಿಲಿನ ಬಡತನವಿಲ್ಲ. ಇಲ್ಲಿ ಒಂದೊಂದು ಗಿಡ ಒಂದೊಂದಕ್ಕೆ ಕಾಯುತ್ತದೆ. ಮಾವು ತಂಪು ರಾತ್ರಿಗೆ, ಸೇವಂತಿಗೆ ಉದ್ದ ರಾತ್ರಿಗೆ, ಪೇರಲ ಒಣಗಿದ ಮೇಲಿನ ನೀರಿಗೆ. ಹೀಗಾಗಿ ಊರು ಒಂದನ್ನು ಮುಂದೆ ತಳ್ಳಿದರೆ ಇನ್ನೊಂದನ್ನು ಹಿಂದೆ ಎಳೆಯುತ್ತದೆ, ಮತ್ತೊಂದನ್ನು ಪೂರಾ ಗೊಂದಲಕ್ಕೆ ಹಾಕುತ್ತದೆ.

ಹಿತ್ತಲ ಮಾವು ಎಲೆ ಮಾತ್ರ ಬಿಡ್ತದೆ, ಹೂವಿಲ್ಲ. ಕಲಘಟಗಿ ಕಡೆ ತೋಟದಲ್ಲೆಲ್ಲ ಹೂವಿದೆ. ಯಾಕೆ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಡಿಸೆಂಬರ್‌ನಲ್ಲಿ ಶುರುವಾದರೆ ಶಿವರಾತ್ರಿವರೆಗೆ ನಿಲ್ಲುವುದಿಲ್ಲ.

ಮಾವಿನ ಟೊಂಗೆಯ ತುದಿಯಲ್ಲಿ ಒಂದು ಮೊಗ್ಗಿರುತ್ತದೆ. ಅದು ಎಲೆಯೂ ಆಗಬಹುದು, ಹೂವೂ ಆಗಬಹುದು. ರಾತ್ರಿ 15 ಡಿಗ್ರಿಯ ಆಸುಪಾಸು ಇಳಿದು, ಹಾಗೆಯೇ ಒಂದೆರಡು ವಾರ ನಿಂತರೆ ಅದು ಹೂವಿನ ಕಡೆ ವಾಲುತ್ತದೆ. ರಾತ್ರಿ ಬೆಚ್ಚಗಿದ್ದು, ಬೇರಿಗೆ ನೀರು ಧಾರಾಳವಾಗಿದ್ದರೆ ಎಲೆಯ ಕಡೆ ವಾಲುತ್ತದೆ. ತೋಟದಲ್ಲಿ ರಾತ್ರಿ ತಂಪಾಗಿರುತ್ತದೆ, ಸ್ವಾತಿ ಮಳೆ ಮುಗಿದ ಮೇಲೆ ಯಾರೂ ನೀರು ಹಾಯಿಸುವುದಿಲ್ಲ. ನಿಮ್ಮ ಹಿತ್ತಲಲ್ಲಿ? ಮೂರು ಕಡೆ ಗೋಡೆ. ಬುಡಕ್ಕೆ ಬಟ್ಟೆ ಒಗೆದ ನೀರು. ಗಿಡಕ್ಕೆ ಚಳಿಗಾಲ ಬಂದದ್ದೇ ಗೊತ್ತಾಗಿಲ್ಲ.

ಗೋಡೆ ಒಡೆಯಲು ಆಗುವುದಿಲ್ಲ, ನೀರು ನಿಲ್ಲಿಸಬಹುದು. ನಾನು ಮಾಡುವುದು ಇಷ್ಟು: ದೀಪಾವಳಿ ಆದ ಮೇಲೆ ದೊಡ್ಡ ಮಾವಿಗೆ ನೀರು ಬಂದ್. ಹೂ ಬಂದು, ಕಾಯಿ ಬಟಾಣಿ ಗಾತ್ರ ಆದ ಮೇಲೆ ಮತ್ತೆ ಶುರು. ಒಗೆಯೋ ನೀರಿಗೆ ಬೇರೆ ಪೈಪ್ ಹಾಕಿಸಿದ ಮರುವರ್ಷ ನಮ್ಮ ಗಿಡದಲ್ಲಿ ಮನಸ್ಸು ತಣಿಯುವಷ್ಟು ಹೂ ಬಂತು. ಒಂದು ಗಿಡ, ಒಂದು ವರ್ಷ. ಇದನ್ನೇ ದೊಡ್ಡ ಪುರಾವೆ ಎಂದು ಹೇಳುವುದಿಲ್ಲ. ಆಪೂಸ್ ಆಗಿದ್ದರೆ ಅದು ಹೇಗೂ ವರ್ಷ ಬಿಟ್ಟು ವರ್ಷ ಜಾಸ್ತಿ ಕೊಡುವ ಜಾತಿ. ಹೋದ ವರ್ಷ ಬುಟ್ಟಿಗಟ್ಟಲೆ ಕೊಟ್ಟಿದ್ದರೆ ಈ ವರ್ಷ ಸುಮ್ನೆ ಬಿಡಿ.

ಇನ್ನೊಂದು ವಿಷಯ. ಹೂ ಬಂದು ಕಪ್ಪಾಗಿ ಉದುರಿದರೆ ಅದು ಬೇರೆ ಕಾಯಿಲೆ. ಮೋಡ, ಇಬ್ಬನಿ ಇದ್ದಾಗ ಜಿಗಿಹುಳು ಮತ್ತು ಬೂದಿರೋಗ ಬರುತ್ತವೆ. ಅದಕ್ಕೂ ಬೆಚ್ಚಗಿನ ರಾತ್ರಿಗೂ ಗಂಟು ಹಾಕಬೇಡಿ.

ಬೀದಿದೀಪದಿಂದ ಸೇವಂತಿಗೆ ಹೂ ಬಿಡೋದಿಲ್ಲ ಅಂತಾರೆ. ಬರೀ ಮಾತೇ?

ಬರೀ ಮಾತಲ್ಲ. ಇದು ನನಗೆ ಅಚ್ಚುಮೆಚ್ಚಿನ ಪ್ರಶ್ನೆ. ಉತ್ತರ ಸ್ವಲ್ಪ ಉದ್ದ, ಚಹಾ ಇಟ್ಟುಕೊಂಡು ಓದಿ.

1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ಇಬ್ಬರು ಒಂದು ವಿಷಯ ತೋರಿಸಿದರು. ಒಂದು ಜಾತಿಯ ತಂಬಾಕು ಬೇಸಿಗೆಯಲ್ಲಿ ಆಳೆತ್ತರ ಬೆಳೆಯುತ್ತಿತ್ತು, ಹೂ ಮಾತ್ರ ಬಿಡುತ್ತಿರಲಿಲ್ಲ. ಸಂಜೆಗೆ ಮುಂಚೆಯೇ ಕತ್ತಲ ಕೋಣೆಯಲ್ಲಿಟ್ಟು ಹಗಲನ್ನು ಚಿಕ್ಕದು ಮಾಡಿದರೆ ಹೂ ಬಿಟ್ಟಿತು. ಗಿಡಕ್ಕೆ ದಿನದ ಉದ್ದ ತಿಳಿಯುತ್ತದೆ ಎಂದಾಯಿತು. ಅದು ಎಣಿಸುವುದು ಹಗಲನ್ನಲ್ಲ, ಕತ್ತಲನ್ನು ಎಂದು ಆಮೇಲೆ ಗೊತ್ತಾಯಿತು. ಎಲೆಯಲ್ಲಿ ಫೈಟೋಕ್ರೋಮ್ ಎಂಬ ಬಣ್ಣದ ವಸ್ತು ಇದೆ. ಬೆಳಕು ಬಿದ್ದಾಗ ಅದು ಒಂದು ರೂಪಕ್ಕೆ ಬರುತ್ತದೆ, ಕತ್ತಲಲ್ಲಿ ಮೆಲ್ಲಗೆ ಇನ್ನೊಂದು ರೂಪಕ್ಕೆ ಮರಳುತ್ತದೆ. ಗಿಡದ ಗಡಿಯಾರಕ್ಕೆ ಕತ್ತಲ ಸುದ್ದಿ ಮುಟ್ಟಿಸುವುದು ಇದೇ.

ಧಾರವಾಡದಲ್ಲಿ ಜೂನ್ ಕೊನೆಗೆ ಹಗಲು ಸುಮಾರು 13 ಗಂಟೆ, ಡಿಸೆಂಬರ್ ಕೊನೆಗೆ ಸುಮಾರು 11 ಕಾಲು ಗಂಟೆ. ವರ್ಷವಿಡೀ ಸೇರಿ ಎರಡು ಗಂಟೆಯ ವ್ಯತ್ಯಾಸವೂ ಇಲ್ಲ. ಇಷ್ಟು ಸಣ್ಣ ಸುಳಿವು ಹಿಡಿದು ಸೇವಂತಿಗೆ ತನ್ನ ಕಾಲ ಕಂಡುಕೊಳ್ಳುತ್ತದೆ. ರಾತ್ರಿ ಉದ್ದವಾದಂತೆ ಮೊಗ್ಗು ಕಟ್ಟುತ್ತದೆ. ನಡುರಾತ್ರಿ ಸ್ವಲ್ಪ ಹೊತ್ತು ದೀಪ ಹಾಕಿದರೂ ಸಾಕು, ಅದಕ್ಕೆ ಒಂದು ಉದ್ದ ರಾತ್ರಿ ಎರಡು ಗಿಡ್ಡ ರಾತ್ರಿ ಆಗುತ್ತದೆ. ಹೂವಿನ ಬೆಳೆಗಾರರು ಬೇಕೆಂದೇ ಹೊಲದಲ್ಲಿ ಬಲ್ಬ್ ಕಟ್ಟಿ ಹೂವನ್ನು ಮುಂದೂಡುತ್ತಾರೆ. ನಮ್ಮ ಓಣಿಯಲ್ಲಿ ಅದೇ ಕೆಲಸವನ್ನು ಎಲ್‌ಇಡಿ ದೀಪ ಪುಕ್ಕಟೆ ಮಾಡುತ್ತದೆ.

ಎದುರು ಮನೆಯ ಅಜ್ಜಿಯದು ಇದೇ ಗೋಳು. ಐದು ಕುಂಡ ಸೇವಂತಿಗೆ, ಎಲೆ ನೋಡಿದರೆ ಕಣ್ಣು ತಂಪಾಗಬೇಕು. ದೀಪಾವಳಿ ಬಂದರೂ ಒಂದು ಮೊಗ್ಗಿಲ್ಲ. ದೃಷ್ಟಿ ಆಗಿದೆ ಎಂದು ಮೆಣಸಿನಕಾಯಿ ಇಳಿಸಿದ್ದರು. ಕಂಬದ ದೀಪ ನೇರ ಕುಂಡದ ಮೇಲೆ ಬೀಳುತ್ತಿತ್ತು. ಮೂರು ಕುಂಡಗಳನ್ನು ಹಿತ್ತಲಿಗೆ ಒಯ್ದೆವು, ಎರಡನ್ನು ಅಲ್ಲೇ ಬಿಟ್ಟೆವು. ಎಳ್ಳ ಅಮವಾಸ್ಯೆ ಹೊತ್ತಿಗೆ ಹಿತ್ತಲಿನವು ತುಂಬಾ ಹೂ ಬಿಟ್ಟವು. ಕಂಬದ ಕೆಳಗಿನವು ಇನ್ನೂ ಎಲೆ ಬಿಡುತ್ತಲೇ ಇದ್ದವು. ಅಜ್ಜಿ ಮಾತ್ರ ಮೆಣಸಿನಕಾಯಿಯಿಂದಲೇ ಆದದ್ದು ಎನ್ನುತ್ತಾರೆ.

ಕುಂಡ ಸರಿಸಲು ಆಗದಿದ್ದರೆ ದೀಪದ ಕಡೆ ಒಂದು ಹಲಗೆ, ಹಳೆ ರಟ್ಟು, ಏನಾದರೂ ಅಡ್ಡ ಇಡಿ. ದೂರ ಎರಡು ಪಟ್ಟಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ನಾಲ್ಕು ಹೆಜ್ಜೆಯೂ ಲೆಕ್ಕಕ್ಕೆ ಬರುತ್ತದೆ.

ಹಾಗಾದರೆ ಹುಣ್ಣಿಮೆ ಬೆಳಕೂ ತೊಂದರೆ ಮಾಡಬೇಕಲ್ಲ?

ಇಲ್ಲ. ಬೆಳಕನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಹುಣ್ಣಿಮೆ ಬೆಳಕು 1 ಲಕ್ಸ್ ಕೂಡ ಇರುವುದಿಲ್ಲ. ಬೀದಿದೀಪದ ಕೆಳಗೆ 10, 20 ಲಕ್ಸ್ ಸಲೀಸಾಗಿ ಇರುತ್ತದೆ.

ದೀಪದ ಕಂಬದ ಪಕ್ಕದ ಟೊಂಗೆ ಮಾತ್ರ ಎಲೆ ಉದುರಿಸಿಲ್ಲ. ಇದೂ ಬೆಳಕಿನದೇ ಕೆಲಸವೇ?

ಆಗಿರಬಹುದು. ಚಳಿ ದೇಶಗಳ ಊರುಗಳಲ್ಲಿ ದೀಪದ ಹತ್ತಿರದ ಟೊಂಗೆಗಳು ಎಲೆಯನ್ನು ಹೆಚ್ಚು ದಿನ ಹಿಡಿದಿರುವುದನ್ನು ಬಹಳ ಹಿಂದೆಯೇ ಗಮನಿಸಿದ್ದಾರೆ. ನಮ್ಮಲ್ಲಿ ಇನ್ನೊಂದು ಆರೋಪಿ ಇದೆ. ಅದೇ ಗಟಾರ. ಕಂಬವೂ ಗಟಾರವೂ ಒಂದೇ ಸಾಲಿನಲ್ಲಿರುತ್ತವೆ, ಅಲ್ವಾ? ಗಟಾರದ ನೀರು ಅಥವಾ ಸೋರುವ ನಳದ ಪೈಪು ಸಿಕ್ಕ ಗಿಡ ಬೇಸಿಗೆಯಲ್ಲೂ ಎಲೆ ಉದುರಿಸುವ ಅವಸರ ಮಾಡುವುದಿಲ್ಲ. ಒಂದೇ ಟೊಂಗೆ ಹಸಿರಾಗಿದ್ದರೆ ದೀಪದ ಮೇಲೆ ಅನುಮಾನ ಪಡಿ. ಇಡೀ ಗಿಡ ಹಸಿರಾಗಿದ್ದರೆ ನೀರಿನ ಮೇಲೆ.

ಪೇರಲ ಗಿಡ ವರ್ಷವಿಡೀ ಒಂದೊಂದೇ ಕಾಯಿ ಬಿಡ್ತದೆ, ರುಚಿಯೂ ಇಲ್ಲ. ಧಾರವಾಡ ಪೇರಲ ಅಂದರೆ ಇದೇನಾ?

ಧಾರವಾಡ ಪೇರಲದ ಮರ್ಯಾದೆ ಕಳೆಯಬೇಡಿ. ಗಿಡ ಒಳ್ಳೆಯದೇ, ಉಪಚಾರ ಜಾಸ್ತಿಯಾಗಿದೆ.

ಪೇರಲ ಹೊಸ ಚಿಗುರಿನಲ್ಲೇ ಹೂ ಬಿಡುವ ಗಿಡ. ಚಿಗುರು ಬರುವುದು ಒಣಗಿದ ಮೇಲೆ ನೀರು ಸಿಕ್ಕಾಗ. ಬೆಳೆಗಾರರು ಇದನ್ನು ಬಹಾರ ಎನ್ನುತ್ತಾರೆ. ಮಿರ್ಗದ, ಅಂದರೆ ಮೃಗಶಿರಾ ನಕ್ಷತ್ರದ, ಮಳೆಗೆ ಚಿಗುರಿ ಹೂ ಬಿಟ್ಟದ್ದು ಚಳಿಗಾಲಕ್ಕೆ ಹಣ್ಣಾಗುತ್ತದೆ. ಅದು ಮಿರ್ಗ ಬಹಾರ, ಸಿಹಿ ಅದರದೇ. ಬೇಸಿಗೆಯ ಹೂ ಮಳೆಗಾಲದಲ್ಲಿ ಹಣ್ಣಾಗುತ್ತದೆ. ನೀರು ನೀರು, ಒಳಗೆ ಹುಳ. ನವಲೂರಿನ ಪೇರಲ ತೋಟದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಊರೊಳಗಿನ ಗಿಡಕ್ಕೆ ಒಣಗಲು ಬಿಡುವೇ ಇಲ್ಲ. ಪಾತ್ರೆ ತೊಳೆದ ನೀರು ದಿನಾ ಹೋಗುತ್ತದೆ. ಅದು ದಿನಾ ಅಷ್ಟಿಷ್ಟು ಚಿಗುರುತ್ತದೆ, ಅಷ್ಟಿಷ್ಟು ಹೂ ಬಿಡುತ್ತದೆ. ಏಪ್ರಿಲ್ ನಡುವಿನಿಂದ ಮೇ ಕೊನೆವರೆಗೆ ನೆಲದಲ್ಲಿರುವ ದೊಡ್ಡ ಗಿಡಕ್ಕೆ ನೀರು ನಿಲ್ಲಿಸಿ. ಎಲೆ ಬಾಡುತ್ತದೆ, ಒಂದಿಷ್ಟು ಉದುರುತ್ತದೆ. ಮನೆಯವರು ಬೈಯುತ್ತಾರೆ. ತಡೆದುಕೊಳ್ಳಿ. ಮಿರ್ಗ ಕೂಡುವ ಹೊತ್ತಿಗೆ ಬುಡ ಕೆದಕಿ, ತಿಪ್ಪೆಗೊಬ್ಬರ ಹಾಕಿ, ಮಳೆಗೆ ಬಿಡಿ. ಮಳೆ ಕೈಕೊಟ್ಟರೆ ನೀವೇ ಹಾಕಿ. ಕುಂಡದ ಗಿಡಕ್ಕೆ ಈ ಉಪವಾಸ ಬೇಡ, ಸತ್ತೇ ಹೋಗುತ್ತದೆ.

ಲಿಂಬಿಯದೂ ಇದೇ ಸ್ವಭಾವ. ನಮ್ಮ ಓಣಿಯಲ್ಲಿ ನಳದ ನೀರು ತಪ್ಪಿದಾಗೆಲ್ಲ ಪಕ್ಕದ ಮನೆಯ ಲಿಂಬಿ ಆಮೇಲೆ ಹೂ ಬಿಡುತ್ತದೆ. ನೀರು ಬಿಡುವವರೇ ಅದರ ಪಂಚಾಂಗ ಬರೆಯುತ್ತಿದ್ದಾರೆ.

ಮನೆ ಮುಂದೆ ಪೇವರ್ ಹಾಕಿದ ಮೇಲೆ ಹೊಂಗೆ ಸೊರಗಿದೆ. ಎರಡಕ್ಕೂ ಸಂಬಂಧ ಇದೆಯೇ?

ಇದೆ. ಗಿಡಕ್ಕೆ ನೀರು, ಗೊಬ್ಬರ ಎಳೆದುಕೊಡುವ ಸಣ್ಣ ಬೇರುಗಳಲ್ಲಿ ಬಹುಪಾಲು ಮೇಲಿನ ಒಂದೆರಡು ಅಡಿ ಮಣ್ಣಿನಲ್ಲೇ ಇರುತ್ತವೆ. ಅವೂ ಉಸಿರಾಡಬೇಕು. ಮೇಲೆ ಕಾಂಕ್ರೀಟ್ ಬಿದ್ದರೆ ಗಾಳಿ ಇಲ್ಲ, ಮಳೆ ಇಳಿಯುವುದಿಲ್ಲ, ಮಣ್ಣು ಕಾದು ಗಟ್ಟಿಯಾಗುತ್ತದೆ. ಹೊಂಗೆ, ನಮ್ಮ ಹಳಬರು ಹುಲಗಲ ಎನ್ನುವ ಗಿಡ, ಮಳೆಗೆ ಮುಂಚೆ ಕಡು ಬೇಸಿಗೆಯಲ್ಲೇ ಹೊಳೆಯುವ ಹಸಿರು ಚಿಗುರು ತೆಗೆಯುತ್ತದೆ. ಹಿಂದಿನ ಮಳೆಯ ನೀರು ಮಣ್ಣಿನಲ್ಲಿ ಉಳಿದಿದ್ದರೆ ತಾನೇ ಅದು ಸಾಧ್ಯ? ಚಿಗುರು ತಡವಾದರೆ, ಎಲೆ ಸಣ್ಣದಾದರೆ ಬುಡ ನೋಡಿ.

ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ದೆಹಲಿಯ ಮರಗಳ ಸುತ್ತ 1 ಮೀಟರ್‌ವರೆಗಿನ ಕಾಂಕ್ರೀಟ್ ತೆಗೆಯಲು ಹೇಳಿತ್ತು. ನಮ್ಮ ಮನೆ ಮುಂದೆ ಅಷ್ಟು ಬಿಡಲು ಆದೇಶಕ್ಕೆ ಕಾಯಬೇಕಿಲ್ಲ. ಎರಡು ಸಾಲು ಪೇವರ್ ಕೀಳಿಸಿ, ಎಲೆಕಸ ಹಾಸಿ.

ಧೂಳು?

ಎಲೆಯ ಮೇಲೆ ಧೂಳು ಕೂತರೆ ಬೆಳಕು ಕಡಿಮೆಯಾಗುತ್ತದೆ, ಉಸಿರಿನ ರಂಧ್ರ ಮುಚ್ಚುತ್ತದೆ, ಎಲೆ ಹೆಚ್ಚು ಕಾಯುತ್ತದೆ. ರಸ್ತೆ ಅಗೆಯುತ್ತಿರುವ ತಿಂಗಳುಗಳಲ್ಲಿ ಸಣ್ಣ ಗಿಡಗಳಿಗೆ ಬೆಳಗ್ಗೆ ಮೇಲಿನಿಂದ ನೀರು ಚಿಮುಕಿಸಿ. ದೊಡ್ಡವಕ್ಕೆ ಬೇಸಿಗೆಯ ಅಡ್ಡಮಳೆಯೇ ಗತಿ.

ಬೇವು ಬೆಂಕಿ ತಾಗಿದ ಹಾಗೆ ಒಣಗಿದೆ. ಇದೂ ನಗರದ ಬಿಸಿಯೇ?

ಅಲ್ಲ. ಮಳೆಗಾಲ ಮುಗಿದ ಮೇಲೆ ತುದಿ ಟೊಂಗೆಗಳು ಕಂದಾಗಿ ಒಣಗುವುದು ಹಳ್ಳಿಯ ಬೇವಿನಲ್ಲೂ ಇದೆ. ಚಹಾ ಸೊಳ್ಳೆ ತಿಗಣೆ ಎಂಬ ಕೀಟ ರಸ ಹೀರುತ್ತದೆ, ಜೊತೆಗೆ ಒಂದು ಶಿಲೀಂಧ್ರ ಸೇರುತ್ತದೆ. ಬಹಳಷ್ಟು ಗಿಡಗಳು ಬೇಸಿಗೆಗೆ ಮತ್ತೆ ಚಿಗುರುತ್ತವೆ. ಗಾಬರಿಯಾಗಿ ಕೊಡಲಿ ತರಬೇಡಿ. ಕಡಿಯಲು ಅನುಮತಿಯೂ ಬೇಕು, 1976ರ ಮರ ಸಂರಕ್ಷಣೆ ಕಾಯ್ದೆ ಇದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಒಣಗಿದ ಟೊಂಗೆ ತೋರಿಸಿ ಕೇಳಿ.

ಕರೆಂಟ್ ಲೈನ್ ಕೆಳಗೆ ಟೊಂಗೆ ಕತ್ತರಿಸಿದ ಮೇಲೆ ಆ ಭಾಗ ಬೇರೆಯೇ ಕಾಲದಲ್ಲಿ ಚಿಗುರುತ್ತಿದೆಯಲ್ಲ?

ಕತ್ತರಿಸಿದಾಗ ಕೆಳಗಿನ ಮೊಗ್ಗುಗಳು ಎದ್ದು ಚಿಗುರುತ್ತವೆ, ಕಾಲ ಯಾವುದೇ ಇರಲಿ. ಅದಕ್ಕೇ ಒಂದೇ ಗಿಡದಲ್ಲಿ ಅರ್ಧ ಬೋಳು, ಅರ್ಧ ಹಸಿರು ಕಾಣುತ್ತದೆ. ಮಾವನ್ನು ದಸರೆ ಆದ ಮೇಲೆ ಕತ್ತರಿಸಿದರೆ ಆ ವರ್ಷದ ಹೂ ಹೋದ ಹಾಗೆಯೇ, ಯಾಕೆಂದರೆ ಹೂ ಬರುವುದು ಬಲಿತ ತುದಿಯಲ್ಲಿ. ಹಣ್ಣು ಇಳಿಸಿದ ಕೂಡಲೇ ಕತ್ತರಿಸಿ.

ಗುಲ್‌ಮೊಹರ್ ಕೆಂಪಾದರೆ ಮಳೆ ಹತ್ತಿರ ಅಂತಾರೆ. ನಂಬಬಹುದೇ?

ಅದು ಮಡಗಾಸ್ಕರ್‌ನಿಂದ ಬಂದ ಗಿಡ, ಕಡು ಬೇಸಿಗೆಯಲ್ಲಿ ಹೂ ಬಿಡುತ್ತದೆ. ಬೇಸಿಗೆ ಆದ ಮೇಲೆ ಮಳೆಗಾಲ ಬರಲೇಬೇಕಲ್ಲ! ಅಷ್ಟೇ ಅದರ ಭವಿಷ್ಯವಾಣಿ.

ಮಾಳಿಗೆ ಮೇಲಿನ ಕುಂಡಗಳಿಗೆ ಯಾವ ಕಾಲ?

ಅಲ್ಲಿ ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ. ನೆಲದಲ್ಲಿ ಬೇರು ತಂಪಾಗಿರುತ್ತದೆ, ಕುಂಡದಲ್ಲಿ ಬೇರೂ ಕಾಯುತ್ತದೆ. ಕುಂಡ ನೇರ ಸ್ಲ್ಯಾಬ್ ಮೇಲೆ ಇಡಬೇಡಿ. ಎರಡು ಇಟ್ಟಿಗೆ ಇಟ್ಟು ಎತ್ತರಿಸಿ, ಕಪ್ಪು ಪ್ಲಾಸ್ಟಿಕ್ ಬಿಟ್ಟು ಮಣ್ಣಿನ ಕುಂಡ ಬಳಸಿ.

ಹೂವಿನ ಕಾಲ ಹಿಂದೆಮುಂದೆ ಆದರೆ ನಷ್ಟ ಯಾರಿಗೆ?

ನಮಗಿಂತ ಜೇನಿಗೆ, ಹಕ್ಕಿಗೆ. ಬೇವಿನ ಹಣ್ಣು ಮಳೆಗಾಲದ ಬಾಗಿಲಲ್ಲಿ ಮಾಗುತ್ತದೆ, ಬುಲ್‌ಬುಲ್, ಕೋಗಿಲೆ ಅದರ ಮೇಲೆ ಮುಗಿಬೀಳುತ್ತವೆ. ಒಂದು ಓಣಿಯಲ್ಲಿ ತಪ್ಪಿದರೆ ಇನ್ನೊಂದು ಓಣಿಗೆ ಹಾರಿ ಹೋಗುತ್ತವೆ. ಎಲ್ಲಾ ಓಣಿಗಳಲ್ಲೂ ಒಂದೇ ಜಾತಿ ಗಿಡ ಸಾಲಾಗಿ ನೆಟ್ಟಿದ್ದರೆ ಹಾರಿ ಹೋಗಲು ಜಾಗವಿಲ್ಲ. ಸಾಲುಗಿಡ ನೆಡುವವರು ಇದನ್ನು ಯೋಚಿಸಲಿ ಎಂದು ನನ್ನ ಆಸೆ.

ನಮ್ಮ ಗಿಡದ ಲೆಕ್ಕ ನಾವೇ ಇಡೋದು ಹೇಗೆ?

ಗಿಡದ ಈ ಕಾಲದ ಲೆಕ್ಕಕ್ಕೆ ಫೀನಾಲಜಿ ಎಂಬ ದೊಡ್ಡ ಹೆಸರಿದೆ. ಕೆಲಸ ಮಾತ್ರ ಸಣ್ಣದು. ಒಂದೇ ಗಿಡ ಆರಿಸಿ. ವಾರಕ್ಕೊಮ್ಮೆ, ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್‌ನಲ್ಲೇ ಒಂದು ಅಕ್ಷರ ಬರೆಯಿರಿ. ಚಿಗುರಿಗೆ ಚಿ, ಮೊಗ್ಗಿಗೆ ಮೊ, ಹೂವಿಗೆ ಹೂ, ಕಾಯಿಗೆ ಕಾ, ಎಲೆ ಉದುರಿದರೆ ಉ. ನೀರು ಹಾಕುವುದು ನಿಂತದ್ದು, ಹೊಸ ದೀಪ ಬಂದದ್ದು, ಪಕ್ಕದಲ್ಲಿ ಗೋಡೆ ಎದ್ದದ್ದು, ಇವನ್ನೂ ಗುರುತು ಮಾಡಿ. ಇದನ್ನು ಬಿಟ್ಟರೆ ಉಳಿದ ಲೆಕ್ಕಕ್ಕೆ ಅರ್ಥ ಬರುವುದಿಲ್ಲ. ದೇಶದ ಲೆಕ್ಕಕ್ಕೆ ಸೇರಿಸಬೇಕಾದರೆ ಸೀಸನ್‌ವಾಚ್ ಎಂಬ ಯೋಜನೆ ಇದೆ. ಶಾಲೆ ಮಕ್ಕಳೂ ಹೀಗೆ ವಾರಕ್ಕೊಮ್ಮೆ ಗಿಡ ನೋಡಿ ಅದರಲ್ಲಿ ದಾಖಲಿಸುತ್ತಾರೆ.

ನನ್ನ ಕ್ಯಾಲೆಂಡರ್‌ಗಳು ಅಡುಗೆಮನೆಯ ಬಾಗಿಲ ಹಿಂದೆ ಮೊಳೆಗೆ ಜೋತುಬಿದ್ದಿವೆ. ಒಂದು ವರ್ಷದ್ದನ್ನು ಯಾರೋ ರದ್ದಿಯವನಿಗೆ ಹಾಕಿಬಿಟ್ಟರು. ಆ ವರ್ಷ ಸಪ್ತಾಪುರದ ಬೇವು ಯಾವಾಗ ಚಿಗುರಿತು ಎಂದು ಅವ್ವನನ್ನು ಕೇಳಿದೆ. "ನಿನ್ನ ಅಣ್ಣನ ಮಗಳ ಕುಬಸದ ದಿನ" ಎಂದಳು. ಬರೆದುಕೊಂಡೆ.